ಚಳ್ಳಕೆರೆ ಕಡೆಯ ತೊಗಲುಗೊಂಬೆ ಮನೆಗೆ ಹೋಗಿ ಬಂದೆ. ಹಳದಿ ಬಲ್ಬ್ ಎಲ್ಲಿ ಸಿಗುತ್ತೆ, ಯಾರಾದ್ರೂ ಹೇಳಿ

ಜಗಳೂರು ಜೋಳ:

ಎಲ್ಲರಿಗೂ ನಮಸ್ಕಾರ. ಒಂದು ಸಹಾಯ ಬೇಕಿದೆ. ಅದು ಯಾಕೆ ಬೇಕು ಅನ್ನೋದು ಗೊತ್ತಾಗಬೇಕಾದರೆ ಹಿಂದಿನ ಕಥೆ ಹೇಳಬೇಕು, ಸ್ವಲ್ಪ ಉದ್ದ ಆಗುತ್ತೆ.

ನಾನು ಹುಟ್ಟಿದ್ದು ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಆಗ ನಮ್ಮದು ಚಿತ್ರದುರ್ಗ ಜಿಲ್ಲೆ, 1997ರಲ್ಲಿ ದಾವಣಗೆರೆಗೆ ಸೇರಿದೆವು. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ವರ್ಷ ಮಳೆ ಕೈಕೊಟ್ಟಿತು. ಹಿರಿಯರೆಲ್ಲ ಕಟ್ಟೆ ಮೇಲೆ ಕೂತು ಮಾತಾಡಿ ಗೊಂಬೆಯವರನ್ನು ಕರೆಸಿದರು. ತೊಗಲುಗೊಂಬೆ ಆಡಿಸಿದರೆ ಮಳೆ ಬರುತ್ತೆ ಅನ್ನೋದು ನಮ್ಮ ಕಡೆ ಹಳೇ ನಂಬಿಕೆ. ಗುಡಿ ಮುಂದೆ ನಾಲ್ಕು ಗಳ ನೆಟ್ಟು, ಮೂರು ಕಡೆ ಕರಿ ಕಂಬಳಿ ಕಟ್ಟಿ, ಮುಂದೆ ಬಿಳಿ ಪಂಚೆ ಎಳೆದು ಕಟ್ಟಿದರು. ಕತ್ತಲಾದ ಮೇಲೆ ಒಳಗೆ ದೀಪ ಹಚ್ಚಿದರು. ಮೊದಲು ಗಣಪ ಬಂದ, ಆಮೇಲೆ ನವಿಲಿನ ಮೇಲೆ ಸರಸ್ವತಿ. ನಮ್ಮವ್ವನ ಸೆರಗು ಹಿಡಿದುಕೊಂಡು ಬೆಳಗಿನ ಜಾವದವರೆಗೂ ನೋಡಿದೆ. ಮಳೆ ಬಂತೋ ಇಲ್ವೋ ನನಗೆ ನೆನಪಿಲ್ಲ. ಹನುಮಂತನ ಕೆಂಪು ಮಾತ್ರ ಇವತ್ತಿಗೂ ಕಣ್ಣಲ್ಲಿದೆ.

ಮಾರನೇ ದಿನದಿಂದ ನಾನೂ ಗೊಂಬೆ ಮಾಡೋಕೆ ಶುರು ಮಾಡಿದೆ. ಮದುವೆ ಕಾರ್ಡಿನ ರಟ್ಟು ಕತ್ತರಿಸಿ, ಕ್ರೇಯಾನ್ ಹಚ್ಚಿ, ಪೊರಕೆ ಕಡ್ಡಿ ಕಟ್ಟಿ, ಅಪ್ಪನ ಬ್ಯಾಟರಿ ಬಿಟ್ಟು ಗೋಡೆ ಮೇಲೆ ನೋಡಿದರೆ ಬರೀ ಕಪ್ಪು ನೆರಳು. ಎಷ್ಟು ಬಣ್ಣ ಹಚ್ಚಿದರೂ ಕಪ್ಪೇ. ಅವರ ನೆರಳಿಗೆ ಮಾತ್ರ ಬಣ್ಣ ಹೇಗೆ ಬರುತ್ತೆ? ಈ ಪ್ರಶ್ನೆ ಇಟ್ಟುಕೊಂಡೇ ದೊಡ್ಡವನಾದೆ. ಆಮೇಲೆ ದಾವಣಗೆರೆಯಲ್ಲಿ ಕೆಲಸ, ಮನೆ, ಮಕ್ಕಳು. ಎಲ್ಲಿ ಗೊಂಬೆಯಾಟ ಅಂದರೂ ಬಸ್ಸು ಹತ್ತಿ ಹೋಗ್ತಿದ್ದೆ. ಬೆಳಗಲ್ಲು ವೀರಣ್ಣನವರು ಬಳ್ಳಾರಿಯಿಂದ ತಂದು ಆಡಿಸಿದ ಗಾಂಧೀಜಿ ಕಥೆ ನೋಡಿದ್ದೀನಿ. ಆದರೆ ಯಾವತ್ತೂ ಪರದೆಯ ಮುಂದೆ ಕೂತವನೇ ಹೊರತು ಹಿಂದಕ್ಕೆ ಹೋದವನಲ್ಲ.

ಹೋದ ಭಾನುವಾರ ಹೋದೆ. ಪರಿಚಯದವರೊಬ್ಬರು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಗೆ ಕರೆದುಕೊಂಡು ಹೋದರು. ಅವರನ್ನು ಕೇಳದೆ ಊರಿನ ಹೆಸರಾಗಲಿ, ಮನೆಯವರ ಹೆಸರಾಗಲಿ ಇಲ್ಲಿ ಹಾಕೋದಿಲ್ಲ. ಎಂಬತ್ತರ ಹತ್ತಿರದ ತಾತ, ಅವರ ಹೆಂಡತಿ, ಮಗ, ಸೊಸೆ. ಎರಡು ಕೋಣೆಯ ಮನೆ. ಹಿತ್ತಲಲ್ಲಿ ಮೀನಿನ ಬಲೆ ಒಣಗುತ್ತಿತ್ತು. ಆಟ ಇಲ್ಲದ ದಿನ ಮಗ ಕೆರೆಗೆ ಹೋಗ್ತಾರೆ. ಅವರವರೇ ಮಾತಾಡಿಕೊಳ್ಳುವಾಗ ಮರಾಠಿ ತರಹದ ಮಾತು, ನಮ್ಮ ಜೊತೆ ಅಚ್ಚ ಚಳ್ಳಕೆರೆ ಕನ್ನಡ.

ಒಳಗಿಂದ ಚಪ್ಪಟೆ ಪೆಟ್ಟಿಗೆ ತಂದರು. ಮುಚ್ಚಳ ತೆಗೆಯೋಕೆ ಮೊದಲು ತಾತ ಕೈ ಮುಗಿದರು. ನಾನೂ ಮುಗಿದೆ. ಒಂದರ ಮೇಲೊಂದು ಗೊಂಬೆ, ನಡುವೆ ಹಳೇ ಬಟ್ಟೆ, ಮೂಲೆಯಲ್ಲಿ ಒಣಗಿದ ಬೇವಿನ ಎಲೆ. ಮೇಲೆ ಗಣಪ. ರಾವಣ ಅರ್ಧ ಆಳಿನಷ್ಟು ದೊಡ್ಡವನು, ಹತ್ತೂ ತಲೆ ಒಂದೇ ತೊಗಲಿನಲ್ಲಿ ಸಾಲಾಗಿ. ಅಶೋಕವನದ ಸೀತೆ, ಮರ, ಕಾವಲಿನ ರಾಕ್ಷಸಿಯರು ಎಲ್ಲ ಸೇರಿ ಒಂದೇ ಗೊಂಬೆ. ರಾಜರು, ದೇವರು ದೊಡ್ಡ ಅಳತೆ, ಆಳುಕಾಳು ಸಣ್ಣ ಅಳತೆ.

ನನ್ನ ಪ್ರಶ್ನೆ ಕೇಳಿಯೇಬಿಟ್ಟೆ. "ತಾತ, ನಿಮ್ಮ ನೆರಳಿಗೆ ಬಣ್ಣ ಹೇಗೆ ಬರುತ್ತೆ?" ತಾತ ಏನೂ ಹೇಳಲಿಲ್ಲ. ಮೂಲೆಯಲ್ಲಿದ್ದ ಬಣ್ಣ ಹಚ್ಚದ ಒಂದು ತೊಗಲಿನ ತುಂಡು ತಂದು ಕಿಟಕಿಗೆ ಹಿಡಿದರು. ಹಿಂದಿನ ಅವರ ಬೆರಳು ನನಗೆ ಕಾಣಿಸ್ತಿತ್ತು. "ಹದ ಮಾಡಿದ್ರೆ ಅದು ಚಪ್ಪಲಿ ಆಗುತ್ತಪ್ಪ. ನಾವು ಹದ ಮಾಡಲ್ಲ" ಅಂದರು.

ಅಷ್ಟೇ ಗುಟ್ಟು! ಆಡಿನ ಚರ್ಮ ನೆನೆಹಾಕಿ, ಕೂದಲು ಕೆರೆದು, ಗೂಟ ಹೊಡೆದು ಬಿಗಿಯಾಗಿ ಎಳೆದು ಬಿಸಿಲಲ್ಲಿ ಒಣಗಿಸ್ತಾರೆ. ಅದು ಹಪ್ಪಳದ ಹಾಗೆ ಗಟ್ಟಿಯಾಗಿ, ಬೆಳಕು ಹಾಯುವಷ್ಟು ತೆಳ್ಳಗೆ ನಿಲ್ಲುತ್ತೆ. ಬಣ್ಣ ಎರಡೂ ಕಡೆ ಹಚ್ಚಬೇಕು. ಬೆಳಕು ಬಣ್ಣದ ಮೂಲಕವೇ ದಾಟಿ ಪರದೆಗೆ ಬರುತ್ತೆ. ನನ್ನ ಮದುವೆ ಕಾರ್ಡು ಬೆಳಕನ್ನು ತಡೆದು ನಿಲ್ಲಿಸ್ತಿತ್ತು, ಇವರ ತೊಗಲು ದಾರಿ ಬಿಡುತ್ತೆ.

ಇನ್ನೊಂದು ನೋಡಿದೆ. ತಾತ ಒಂದು ಹೊಸ ಗೊಂಬೆಯ ಕಿವಿ ಓಲೆ ಮಾಡುತ್ತಿದ್ದರು. ಮರದ ತುಂಡಿನ ಮೇಲೆ ತೊಗಲು ಇಟ್ಟು, ಸಣ್ಣ ಉಳಿ ನಿಲ್ಲಿಸಿ, ಒಂದೇ ಏಟು. ಉಳಿ ತಿರುಗಿಸಿ ಇನ್ನೊಂದು ಏಟು. ಜೋಳದ ಕಾಳಿಗಿಂತ ಸಣ್ಣ ತೂತು. ಆರು ತೂತು ಸುತ್ತ, ನಡುವೆ ಒಂದು. ಎತ್ತಿ ಕಿಟಕಿಗೆ ಹಿಡಿದರೆ ಏಳು ಹರಳಿನ ಓಲೆ ಫಳ್ ಅಂತ ಹೊಳೀತು. ಚಿನ್ನದ ಬಣ್ಣ ಎಲ್ಲೂ ಇಲ್ಲ. ಅವರು ಒಡವೆ ಮಾಡೋದು ಬರೀ ತೂತಿನಿಂದ, ಬೆಳಕಿನಿಂದ.

ಆಮೇಲೆ ಅಜ್ಜಿ ನನ್ನ ಕೈಗೆ ಹನುಮಂತನನ್ನು ಕೊಟ್ಟರು. ಮೊಣಕೈ ಹತ್ತಿರ ಹೊಸ ತೊಗಲಿನ ತೇಪೆ ಇತ್ತು, ದಾರದ ಗಂಟಿನ ಮೇಲೆ ಕೈ ಆಡುತ್ತಿತ್ತು. ನಡುವೆ ಸೀಳಿದ ಬಿದಿರು ಕಡ್ಡಿ. ಸೀರೆ ಕಟ್ಟಿ, ಹಿಂದೆ ಬಲ್ಬ್ ಹಾಕಿ, ಆಡಿಸು ಅಂದರು. ನನ್ನ ಹನುಮಂತ ಮಸುಕಾಗಿ ಊದಿಕೊಂಡ. "ಪರದೆಗೆ ಒತ್ತಪ್ಪ, ಒತ್ತು" ಅಂದರು ಅಜ್ಜಿ. ಒತ್ತಿದೆ. ಗೆರೆ ಗೆರೆಯೂ ಎದ್ದು ಬಂತು. ಎರಡು ನಿಮಿಷಕ್ಕೆ ನನ್ನ ರಟ್ಟೆ ಸೋತಿತು. ಇವರು ಇಡೀ ರಾತ್ರಿ ಆಡಿಸ್ತಿದ್ದರು, ಬಾಯಲ್ಲಿ ಪದ, ಮಾತು ಎರಡನ್ನೂ ಹೇಳಿಕೊಂಡು.

ಹೊರಡುವಾಗ ಒಂದು ಗೊಂಬೆ ಕೊಡ್ತೀರಾ, ಮನೆಯಲ್ಲಿ ಫ್ರೇಮ್ ಹಾಕಿಸಿ ಇಡ್ತೀನಿ ಅಂತ ಕೇಳಿದೆ. ತಾತ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಗೋಡೆಗೆ ಹಾಕಿದ್ರೆ ಅದು ಯಾರ ಜೊತೆ ಮಾತಾಡುತ್ತೆ? ನಿಮಗೆ ಅಷ್ಟು ಆಸೆ ಇದ್ರೆ ಒಂದು ಆಟ ಹಾಕ್ಸಿ" ಅಂದರು.

ಆಟ ಹಾಕಿಸ್ತಾ ಇದ್ದೀನಿ. ಮುಂದಿನ ತಿಂಗಳು, ನಮ್ಮ ಹಳ್ಳಿಯ ಅದೇ ಗುಡಿ ಮುಂದೆ. ಈಗ ಸಹಾಯ ಏನಂದ್ರೆ, ಅವರಿಗೆ ಹಳೇ ತರಹದ ತಂತಿ ಬಲ್ಬ್ ಬೇಕು, ದೊಡ್ಡ ವ್ಯಾಟಿನದು. ಅವರ ಹತ್ತಿರ ಒಂದೇ ಉಳಿದಿದೆ, ಅದೂ ಯಾವಾಗ ಹೋಗುತ್ತೋ ಗೊತ್ತಿಲ್ಲ. ದಾವಣಗೆರೆಯಲ್ಲಿ ಆರು ಅಂಗಡಿ ಸುತ್ತಿದೆ. ಎಲ್ಲರೂ ಎಲ್ಇಡಿ ತೋರಿಸ್ತಾರೆ. ಎಲ್ಲಿ ಸಿಗುತ್ತೆ?

ಹಳೇ ದಾವಣಗೆರೆ:

ಓದಿ ಮೈ ಜುಂ ಅಂತು. ನಮ್ಮ ಅಜ್ಜಿ ಸಂಜೆ ಹೊತ್ತು ನಮಗೆ ಆಟದಲ್ಲಿ ಬರೋ ಬಂಗಾರಕ್ಕನ ಗೊಂಬೆಯ ಮಾತು ಅನುಕರಣೆ ಮಾಡಿ ತೋರಿಸ್ತಿದ್ದರು. ಬಲ್ಬ್ ಬಗ್ಗೆ ಗೊತ್ತಿಲ್ಲ, ಆಟದ ದಿನ ಹೇಳಿ, ಮನೆಯವರನ್ನೆಲ್ಲ ಕರ್ಕೊಂಡು ಬರ್ತೀನಿ.

ಐಮಂಗಲ ಕ್ರಾಸ್:

ಎಲ್ಇಡಿ ಹಾಕಿದ್ರೆ ಏನು ತೊಂದರೆ ಅಣ್ಣಾ? ಕರೆಂಟೂ ಕಮ್ಮಿ, ಬಿಸೀನೂ ಆಗಲ್ಲ. ತೊಗಲಿಗೆ ಬಿಸಿ ಒಳ್ಳೇದಲ್ಲ ಅಲ್ವಾ?

ಜಗಳೂರು ಜೋಳ:

ನಾನೂ ಇದನ್ನೇ ಕೇಳಿದೆ. ಅವರ ಮಗ ಎರಡನ್ನೂ ಹಾಕಿ ತೋರಿಸಿದರು. ಮನೆಯಲ್ಲಿದ್ದ ಟ್ಯೂಬಿನ ತರಹದ ಎಲ್ಇಡಿ ಹಾಕಿದರೆ ಬೆಳಕು ಒಂದೇ ಕಡೆಯಿಂದ ಬರೋದಿಲ್ಲ, ಪಟ್ಟಿ ಉದ್ದಕ್ಕೂ ಬರುತ್ತೆ. ಒಂದು ಗೊಂಬೆಗೆ ಹತ್ತು ನೆರಳು ಒಂದರ ಮೇಲೊಂದು ಬಿದ್ದ ಹಾಗೆ. ಗೊಂಬೆಯನ್ನು ಪರದೆಯಿಂದ ಒಂದು ಗೇಣು ದೂರ ತಂದರೆ ಸಾಕು, ಓಲೆಯ ತೂತೆಲ್ಲ ಕಲಸಿಹೋಗುತ್ತೆ. ತಂತಿ ಬಲ್ಬಿನಲ್ಲಿ ಬೆಳಕು ಹೊರಡೋದು ಒಂದು ಸಣ್ಣ ಜಾಗದಿಂದ, ಅದಕ್ಕೆ ನೆರಳಿನ ಅಂಚು ಚೂಪಾಗಿ ಕಾಣುತ್ತೆ. ಎರಡನೇದು ಬಣ್ಣ. ಬಿಳಿ ಎಲ್ಇಡಿಯಲ್ಲಿ ಹನುಮಂತನ ಕೆಂಪು ಸತ್ತುಹೋಗಿತ್ತು, ಹಳೇ ಇಟ್ಟಿಗೆ ತರಹ. ಹಳದಿ ಬಲ್ಬ್ ಹಾಕಿದ ತಕ್ಷಣ ಕೆಂಡ.

ಬಿಸಿ ವಿಷಯ ನೀವು ಹೇಳಿದ್ದು ಸರಿ. ಅದಕ್ಕೇ ಬಲ್ಬನ್ನು ಗೊಂಬೆಗೆ ತಾಗದ ಹಾಗೆ ಎತ್ತರಕ್ಕೆ, ಹಿಂದಕ್ಕೆ ಕಟ್ಟುತ್ತಾರೆ. ಹಿಂದೆಲ್ಲ ಹರಳೆಣ್ಣೆ ದೀಪ ಇತ್ತು ಅಂತ ತಾತ ಹೇಳಿದರು. ದೀಪ ಗಾಳಿಗೆ ತೂಗಿದರೆ ಗೊಂಬೆ ಆಡಿಸದಿದ್ದರೂ ಉಸಿರಾಡಿದ ಹಾಗೆ ಕಾಣ್ತಿತ್ತಂತೆ.

ಮೊಳಕಾಲ್ಮೂರು ಮೇಷ್ಟ್ರು:

ನಾನು ಸರ್ಕಾರಿ ಶಾಲೆಯಲ್ಲಿ ಕೆಲಸ ಮಾಡ್ತೀನಿ. ನಾಲ್ಕು ವರ್ಷದ ಹಿಂದೆ ಮಕ್ಕಳಿಗೆ ಅಂತ ಒಂದು ತೊಗಲುಗೊಂಬೆ ಆಟ ಮಾಡಿಸಿದ್ದೆವು. ನನ್ನ ತಪ್ಪಿನಿಂದ ಅದು ಹಾಳಾಯಿತು. ಮಧ್ಯಾಹ್ನ ಎರಡು ಗಂಟೆಗೆ, ಸಭಾಂಗಣದಲ್ಲಿ ಇಟ್ಟುಕೊಂಡೆವು. ಕಿಟಕಿಗೆಲ್ಲ ಹೊದಿಕೆ ಕಟ್ಟಿದರೂ ಬೆಳಕು ಒಳಗೆ ಬರ್ತಾನೇ ಇತ್ತು. ಪರದೆ ಮೇಲೆ ಏನೂ ಎದ್ದು ಕಾಣಲಿಲ್ಲ. ಹಿಂದಿನ ಸಾಲಿನ ಮಕ್ಕಳು ಮಾತಿಗೆ ಶುರು ಮಾಡಿದರು. ಕಲಾವಿದರು ಮಾತ್ರ ಒಂದು ಪದವನ್ನೂ ಬಿಡದೆ ಪೂರ್ತಿ ಹಾಡಿದರು. ಆಮೇಲೆ ನಾನು ಕ್ಷಮೆ ಕೇಳಿದೆ, ಅವರು ನನ್ನನ್ನೇ ಸಮಾಧಾನ ಮಾಡಿದರು. ಇವತ್ತಿಗೂ ನೆನೆಸಿಕೊಂಡರೆ ಮನಸ್ಸಿಗೆ ಕಷ್ಟ ಆಗುತ್ತೆ.

ಹಾಗಾಗಿ ನಿಮಗೆ ಹೇಳ್ತೀನಿ: ಪೂರ್ತಿ ಕತ್ತಲಾದ ಮೇಲೆ ಶುರು ಮಾಡಿ. ಗುಡಿ ಹತ್ತಿರ ಬೀದಿದೀಪ ಇದ್ದರೆ ಅದನ್ನು ಆರಿಸೋಕೆ ಮೊದಲೇ ಪಂಚಾಯ್ತಿಯವರಿಗೆ ಹೇಳಿ. ಈಗ ಹಳ್ಳಿಯಲ್ಲೂ ಬೀದಿದೀಪ ಹಗಲಿನ ಹಾಗೆ ಉರಿಯುತ್ತೆ. ಮಕ್ಕಳನ್ನು ಮುಂದೆ ಕೂರಿಸಿ. ಮೈಕು ಒಂದೇ ಸಾಕು, ಮುಖವೀಣೆ (ಊದುವ ವಾದ್ಯ) ಇದ್ದರೆ ಅದಕ್ಕೆ ಮೈಕೇ ಬೇಡ.

ವಿವಿಸಾಗರ ದಂಡೆ:

ಜಗಳೂರು ಜೋಳ ಅವರೇ, ಬರಹ ಚೆನ್ನಾಗಿದೆ. ಆದರೆ ಗೋಡೆಗೆ ಹಾಕಬೇಡಿ ಅನ್ನೋ ಮಾತನ್ನು ಎಲ್ಲರಿಗೂ ನಿಯಮ ಅಂತ ಮಾಡಬೇಡಿ ಅಂತ ನನ್ನ ವಿನಂತಿ. ನಮ್ಮ ಪಕ್ಕದ ಅನಂತಪುರ ಕಡೆ, ಧರ್ಮಾವರಂ ಹತ್ತಿರ ನಿಮ್ಮಲಕುಂಟ ಅಂತ ಊರಿದೆ. ಅಲ್ಲಿ ಇದೇ ತೊಗಲಿನಿಂದ ಲ್ಯಾಂಪ್‌ಶೇಡ್, ಗೋಡೆಗೆ ಹಾಕೋ ಚಿತ್ರ ಮಾಡಿ ಎಷ್ಟೋ ಮನೆಗಳು ಬದುಕುತ್ತಿವೆ. ಆ ಊರಿನ ದಳವಾಯಿ ಚಲಪತಿ ರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ನಾನು ಅಲ್ಲಿಂದ ಒಂದು ದೀಪ ತಂದಿದ್ದೀನಿ, ಸಂಜೆ ಹಚ್ಚಿದರೆ ಕೋಣೆಯೆಲ್ಲ ಕೆಂಪು ಹಸಿರು. ವರ್ಷಕ್ಕೆ ನಾಲ್ಕು ಆಟ ಸಿಕ್ಕರೆ ಹೊಟ್ಟೆ ತುಂಬುತ್ತಾ? ಕೈಯಲ್ಲಿ ಉಳಿ ಇರಬೇಕಾದರೆ ಯಾರಾದರೂ ದುಡ್ಡು ಕೊಟ್ಟು ಕೊಳ್ಳಬೇಕು.

ಮ್ಯೂಸಿಯಂ ವಿಷಯದಲ್ಲೂ ಹಾಗೇ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಹಳೇ ತೊಗಲುಗೊಂಬೆಗಳ ದೊಡ್ಡ ಸಂಗ್ರಹ ಇದೆ. ಎಂ.ಎಸ್. ನಂಜುಂಡರಾವ್ ಅವರು ಊರೂರು ತಿರುಗಿ ಕೂಡಿಸಿದ್ದು. ಗಾಜಿನ ಹಿಂದೆ ಇವೆ, ನಿಜ. ಅವರು ಕೂಡಿಸದಿದ್ದರೆ ಇಲಿ, ಗೆದ್ದಲು ತಿಂದು ಮುಗಿಸ್ತಿದ್ದವು.

ಜಗಳೂರು ಜೋಳ:

ನಿಮ್ಮ ಮಾತು ಒಪ್ಪಿದೆ. ದೀಪ ಕೊಳ್ಳೋರು ಕೊಳ್ಳಲಿ, ಅದಕ್ಕೆ ಅಂತಲೇ ಮಾಡಿದ್ದು ಅದು. ನಾನು ಕೇಳಿದ್ದು ಆಡುವ ಗೊಂಬೆಯನ್ನು. ಅಲ್ಲೇ ನನ್ನ ತಪ್ಪಾಯಿತು. ಪೆಟ್ಟಿಗೆಯಿಂದ ಒಂದು ತೆಗೆದರೆ ಒಂದು ಪಾತ್ರವೇ ಹೋಯಿತು. ಸುಗ್ರೀವ ಇಲ್ಲದೆ ಕಥೆ ಹೇಗೆ ನಡೆಯುತ್ತೆ?

ಇನ್ನೊಂದು ಸಂಗತಿ ಬಿಟ್ಟಿದ್ದೆ. ತೀರಾ ಹಳತಾಗಿ ಆಡಿಸೋಕೆ ಆಗದ ಗೊಂಬೆಯನ್ನು ಏನು ಮಾಡ್ತೀರಿ ಅಂತ ಕೇಳಿದೆ. ಪೂಜೆ ಮಾಡಿ ಹೊಳೆಗೆ ಬಿಡ್ತೀವಿ ಅಂದರು. ಮಾರಲ್ಲ, ಸುಡಲ್ಲ. ಗೋಡೆ ಯಾಕೆ ಬೇಡ ಅಂದರು ಅಂತ ಆಗ ನನಗೆ ಅರ್ಥ ಆಯಿತು.

ಕಂಬಳಿ ಬೀದಿ:

ನಾನು ಇಲ್ಲಿ ಬರೆಯೋದು ಕಮ್ಮಿ. ಇವತ್ತು ಬರೆಯಬೇಕು ಅನ್ನಿಸಿತು. ನಾನು ಗೊಂಬೆಯವರ ಮನೆ ಹುಡುಗ. ನಮ್ಮ ಮುತ್ತಾತ ಆಡಿಸ್ತಿದ್ದರು, ನಮ್ಮಪ್ಪ ನಿಲ್ಲಿಸಿದರು. ನಾನು ಡ್ರೈವರ್.

ಕಿಳ್ಳೇಕ್ಯಾತ ಅನ್ನೋದು ಆಟದಲ್ಲಿ ಬರುವ ನಗಿಸುವ ಗೊಂಬೆಯ ಹೆಸರು, ಬಂಗಾರಕ್ಕ ಅವನ ಹೆಂಡತಿ. ಕಿಳ್ಳೇಕ್ಯಾತ ಅನ್ನೋ ಹೆಸರೇ ನಮ್ಮ ಜನಕ್ಕೂ ಬಂತು, ಕೆಲವು ಕಡೆ ಶಿಳ್ಳೇಕ್ಯಾತ ಅಂತಾರೆ. ಶಾಲೆಯಲ್ಲಿ ಹುಡುಗರು ಅದನ್ನು ಬೈಗುಳದ ಹಾಗೆ ಕೂಗ್ತಿದ್ದರು. ನಾನು ಗೊಂಬೆ ಮನೆಯವನು ಅಂತ ಯಾರಿಗೂ ಹೇಳ್ತಿರಲಿಲ್ಲ. ನಮ್ಮಪ್ಪ ಪೆಟ್ಟಿಗೆ ಮುಚ್ಚಿದ್ದಕ್ಕೆ ದುಡ್ಡು ಒಂದು ಕಾರಣ, ಇದು ಇನ್ನೊಂದು.

2025ರಲ್ಲಿ ಗೊಂಬೆ ಆಡಿಸೋ ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂತಲ್ಲ, 96ನೇ ವಯಸ್ಸಿನಲ್ಲಿ. ಅವತ್ತು ಟಿವಿ ಮುಂದೆ ನಮ್ಮವ್ವ ಅತ್ತರು. ಹೆಸರು ಪೂರ್ತಿ ಓದಿದರು, ನಮ್ಮ ಕುಲದ ಹೆಸರು ಸೇರಿಸಿ ಓದಿದರು. ನನ್ನ ಮಗಳು ಅವತ್ತು ಕೇಳಿದಳು, ಅಪ್ಪಾ ನಮ್ಮನೇಲೂ ಗೊಂಬೆ ಇದ್ವಾ ಅಂತ. ಹ್ಞೂಂ ಅಂದೆ.

ಅಣ್ಣಾ, ನಿಮ್ಮ ಆಟಕ್ಕೆ ಗಾಡಿ ನನ್ನದು. ಚಳ್ಳಕೆರೆಯಿಂದ ಅವರನ್ನು ಕರ್ಕೊಂಡು ಬಂದು ವಾಪಸ್ ಬಿಡ್ತೀನಿ. ಬಾಡಿಗೆ ಬೇಡ. ಮಗಳೂ ಬರ್ತಾಳೆ.

ಹಳೇ ದಾವಣಗೆರೆ:

ಕಂಬಳಿ ಬೀದಿ ಅವರೇ, ನೀವು ಬರೆದಿದ್ದನ್ನು ಎರಡು ಸಲ ಓದಿದೆ. ಬರೆದಿದ್ದಕ್ಕೆ ಥ್ಯಾಂಕ್ಸ್.

ಜಗಳೂರು ಜೋಳ:

ತಮ್ಮಾ, ನಿಮ್ಮ ನಂಬರ್ ಖಾಸಗಿಯಾಗಿ ಕಳಿಸಿ. ಗಾಡಿ ಒಪ್ಪಿದೆ, ಡೀಸೆಲ್ ಮಾತ್ರ ನನ್ನದು, ಇದರಲ್ಲಿ ಮಾತಿಲ್ಲ. ನಿಮ್ಮ ಮಗಳು ಪರದೆ ಹಿಂದೆ ಕೂರಬಹುದಾ ಅಂತ ತಾತನನ್ನು ಕೇಳಿದೆ. "ಕೂರಲಿ, ತಾಳ ಹಾಕೋಕೆ ಕೈ ಬೇಕು" ಅಂದರು.

ನಾನು ಯಾಕೆ ಅವಸರ ಮಾಡ್ತಿದ್ದೀನಿ ಅಂತ ಹೇಳ್ತೀನಿ. ವೀರಣ್ಣನವರು 2023ರ ಏಪ್ರಿಲ್‌ನಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ತೊಂಬತ್ತು ದಾಟಿತ್ತು ಅವರಿಗೆ. ಅವರ ಧ್ವನಿ ನಾನು ಕೇಳಿದ್ದೀನಿ, ನನ್ನ ಮಕ್ಕಳು ಕೇಳಲಿಲ್ಲ. ಕರ್ಕೊಂಡು ಹೋಗಬೇಕಿತ್ತು, ಮುಂದಿನ ಸಲ ಮುಂದಿನ ಸಲ ಅಂತ ಬಿಟ್ಟೆ. ಈ ಸಲ ಹಾಗೆ ಆಗಬಾರದು.

ಐಮಂಗಲ ಕ್ರಾಸ್:

ಆಟಕ್ಕೆ ಎಷ್ಟು ಖರ್ಚಾಗುತ್ತೆ ಅಣ್ಣಾ? ನಮ್ಮೂರ ಜಾತ್ರೆಗೂ ಮಾಡಿಸಬಹುದಾ ಅಂತ ಕೇಳ್ತಿದ್ದೀನಿ. ಆರ್ಕೆಸ್ಟ್ರಾಗೆ ಪ್ರತಿ ವರ್ಷ ಸುರೀತೀವಿ.

ಜಗಳೂರು ಜೋಳ:

ದುಡ್ಡಿನ ಮಾತು ಅವರ ಜೊತೆಯೇ ಆಡಿ, ಅವರ ಪರವಾಗಿ ನಾನು ಬೆಲೆ ಹೇಳೋದು ಸರಿಯಲ್ಲ. ಒಂದಂತೂ ಹೇಳ್ತೀನಿ, ಚೌಕಾಸಿ ಮಾಡಬೇಡಿ. ಐದಾರು ಜನ ಬರ್ತಾರೆ. ಆಡಿಸೋರು, ಹಾರ್ಮೋನಿಯಂ, ಮದ್ದಳೆ, ತಾಳ. ಹೆಣ್ಣು ಪಾತ್ರದ ಮಾತು, ಹಾಡು ಎಲ್ಲ ಮನೆಯ ಹೆಂಗಸರದ್ದೇ. ಅವರಿಗೂ ಲೆಕ್ಕ ಇಡಬೇಕು. ಹಿಂದೆ ಕಾಳುಕಡಿ ಕೊಟ್ಟು ಕಳಿಸ್ತಿದ್ದರು, ಈಗ ಅದರಲ್ಲಿ ಬದುಕೋಕೆ ಆಗಲ್ಲ. ಹೊತ್ತಿನ ಊಟ, ಮಲಗೋಕೆ ಒಂದು ಜಾಗ, ಮುಂಗಡ ಕೈಗೆ. ಇಷ್ಟು ಮಾಡಿ.

ಇಡೀ ರಾತ್ರಿ ಆಟ ಈಗ ಜನ ಕೂರಲ್ಲ ಅಂತ ಎರಡು ಗಂಟೆಗೆ ಇಳಿಸಿದ್ದಾರೆ. ಲಂಕಾದಹನ ಕೇಳಿ, ಮೊದಲ ಸಲಕ್ಕೆ ಅದೇ ಸರಿ. ಹನುಮಂತನ ಬಾಲಕ್ಕೆ ಬೆಂಕಿ ಹತ್ತೋದನ್ನು ಹೇಗೆ ತೋರಿಸ್ತಾರೆ ಅಂತ ನಾನು ಹಿಂದೆ ನಿಂತು ನೋಡಿದೆ. ಇಲ್ಲಿ ಬರೆಯಲ್ಲ, ನೀವು ಮುಂದೆ ಕೂತು ನೋಡಿ.

ಮಾಯಕೊಂಡ ಫಾರಂ:

ತಡವಾಗಿ ನೋಡಿದೆ. ಬಲ್ಬ್ ಯಾಕೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಹುಡುಕ್ತೀರಿ? ಕೋಳಿ ಫಾರಂನವರನ್ನು ಕೇಳಿ! ಮರಿ ಬಂದ ಮೊದಲ ಎರಡು ಮೂರು ವಾರ ಕಾವು ಕೊಡೋಕೆ ನಾವು ಹಾಕೋದು ತಂತಿ ಬಲ್ಬೇ. ಎಲ್ಇಡಿಯಲ್ಲಿ ಮರಿಗೆ ಬಿಸಿ ಸಿಗಲ್ಲ. ನಿಮ್ಮ ತಾತನಿಗೆ ಬೆಳಕು ಬೇಕು, ನಮ್ಮ ಮರಿಗೆ ಬಿಸಿ ಬೇಕು. ನನ್ನ ಶೆಡ್ಡಿನಲ್ಲಿ ಇನ್ನೂರು ವ್ಯಾಟಿನವು ಒಂದು ಡಬ್ಬಿ ಇದೆ. ಎಷ್ಟು ಬೇಕು ಹೇಳಿ.

ನಾನು ಗೊಂಬೆಯಾಟ ನೋಡಿಯೇ ಇಲ್ಲ. ನಮ್ಮ ತಾಯಿ ನೋಡಿದ್ದಾರೆ. ಈಗ ಅವರಿಗೆ ಇದನ್ನೆಲ್ಲ ಓದಿ ಹೇಳಿದೆ. ಎದ್ದು ಕೂತುಬಿಟ್ಟರು.

ಜಗಳೂರು ಜೋಳ:

ಯಪ್ಪಾ, ಇಷ್ಟು ದಿನ ಸುಮ್ನೆ ಅಂಗಡಿ ಸುತ್ತಿದೆ! ನಾಲ್ಕು ಕೊಡಿ. ಎರಡು ಆಟಕ್ಕೆ, ಎರಡು ತಾತನ ಪೆಟ್ಟಿಗೆಗೆ. ನಾಳೆಯೇ ಬರ್ತೀನಿ. ತಾಯಿಯವರನ್ನು ಆಟಕ್ಕೆ ಕರ್ಕೊಂಡು ಬನ್ನಿ, ಮುಂದೆ ಕುರ್ಚಿ ಹಾಕಿಸ್ತೀನಿ.

ಮೊಳಕಾಲ್ಮೂರು ಮೇಷ್ಟ್ರು:

ಹೋಲ್ಡರ್ ಪಿಂಗಾಣಿಯದು ಹಾಕಿ. ಇನ್ನೂರು ವ್ಯಾಟಿಗೆ ಪ್ಲಾಸ್ಟಿಕ್ ಹೋಲ್ಡರ್ ಕರಗುತ್ತೆ.

ಜಗಳೂರು ಜೋಳ:

ಬಲ್ಬ್ ತಂದೆ, ಪಿಂಗಾಣಿ ಹೋಲ್ಡರೂ ಸಿಕ್ತು. ಈಗಷ್ಟೇ ತಾತನ ಮನೆಯಿಂದ ವಾಪಸ್ ಬಂದೆ. ಕಂಬಳಿ ಬೀದಿಯವರೂ ಮಗಳನ್ನು ಕರ್ಕೊಂಡು ಬಂದಿದ್ದರು. ಹೊಸ ಬಲ್ಬ್ ಹಾಕಿ, ಸೀರೆ ಕಟ್ಟಿದೆವು. ತಾತ ಆವತ್ತು ಕಿವಿಯೋಲೆ ಕೊರೀತಿದ್ದ ಗೊಂಬೆಯ ಕೊರೆಯೋ ಕೆಲಸ ಮುಗಿದಿದೆ, ಬಂಗಾರಕ್ಕ ಅದು. ಬಣ್ಣ ಇನ್ನೂ ಒಂದೇ ಕಡೆ ಹಚ್ಚಿದ್ದಾರೆ. ಹುಡುಗಿ ಕೈಗೆ ಕೊಟ್ಟರು. ಅಜ್ಜಿ "ಒತ್ತು" ಅಂತ ಹೇಳೋಕೆ ಬಾಯಿ ತೆಗೆಯೋದರೊಳಗೆ ಅವಳೇ ಪರದೆಗೆ ಒತ್ತಿ ಹಿಡಿದಿದ್ದಳು.

ಮುಂದಿನ ತಿಂಗಳ ಮೊದಲ ಶನಿವಾರ. ಸಂಜೆ ಏಳೂವರೆಗೆ ಗಣಪನ ಪೂಜೆ, ಆಮೇಲೆ ಆಟ. ಬರುವವರು ಕೂರೋಕೆ ಚಾಪೆ, ಹೊದೆಯೋಕೆ ಒಂದು ಕಂಬಳಿ ತನ್ನಿ. ಊರಿನ ದಾರಿ ಕೇಳಿದವರಿಗೆ ಖಾಸಗಿಯಾಗಿ ಕಳಿಸ್ತೀನಿ.